ಡೇಟಿಂಗ್ ಆ್ಯಪ್‌ಗಳಲ್ಲಿ ಮೂರನೆಯವರು: ಗುಂಪು ಸೌಲಭ್ಯಗಳ ಒಂದು ಪರಿಚಯ

ಡೇಟಿಂಗ್ ಆ್ಯಪ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಂಟಿಯಾಗಿ ಕುಳಿತು ಫೋನಿನ ಪರದೆಯ ಮೇಲೆ ಬೆರಳಾಡಿಸುತ್ತಿರುವ ವ್ಯಕ್ತಿಯ ಚಿತ್ರ. ಅಪರಿಚಿತರ ಮುಖಗಳು ಒಂದಾದ ಮೇಲೊಂದು ಬರುತ್ತವೆ; ಎಡಕ್ಕೆ ಸರಿಸಿದರೆ ಬೇಡ, ಬಲಕ್ಕೆ ಸರಿಸಿದರೆ ಬೇಕು. ಈ ವ್ಯವಹಾರದಲ್ಲಿ ಇಬ್ಬರಿಗಷ್ಟೇ ಜಾಗವೆಂಬುದು ಸಾಮಾನ್ಯ ತಿಳುವಳಿಕೆ. ಆದರೆ ಈ ಆ್ಯಪ್‌ಗಳ ಚರಿತ್ರೆಯನ್ನು ತುಸು ಹತ್ತಿರದಿಂದ ನೋಡಿದರೆ, ಅವುಗಳನ್ನು ರೂಪಿಸಿದವರು ಮೂರನೆಯವರೊಬ್ಬರನ್ನು ಮತ್ತೆ ಮತ್ತೆ ಒಳಗೆ ಕರೆತರಲು ಯತ್ನಿಸಿದ್ದು ಕಾಣುತ್ತದೆ. ಇಬ್ಬರಿಗೂ ಪರಿಚಿತನಾದ ಸ್ನೇಹಿತ, ಸಲಹೆ ಕೊಡುವ ಗೆಳತಿ, ಜೊತೆಗೆ ಬರುವ ಸಂಗಡಿಗರು, ಕಾವಲಿಗೆ ನಿಲ್ಲುವ ತಂದೆ ಅಥವಾ ಅಣ್ಣ ಎಂದು ಈ ಮೂರನೆಯವರ ವೇಷ ಬದಲಾಗುತ್ತ ಬಂದಿದೆ. ಈ ಪ್ರಯತ್ನಗಳಲ್ಲಿ ಹಲವು ಸೋತವು, ಕೆಲವು ಬೇರೆ ರೂಪದಲ್ಲಿ ಮರಳಿ ಬಂದವು. ಅವು ಏಕೆ ಸೋತವು, ಏಕೆ ಮರಳಿದವು, ಹೊರನಾಡಿನಲ್ಲಿ ನೆಲೆಸಿರುವ ಚಿಕ್ಕ ಸಮುದಾಯಗಳಿಗೆ ಅವುಗಳಿಂದ ಒದಗುವ ಲಾಭ ಮತ್ತು ಅಪಾಯಗಳೇನು ಎಂಬುದು ಈ ಲೇಖನದ ವಿಷಯ.

ಗೆಳೆಯರು ಮಾಡುತ್ತಿದ್ದ ಕೆಲಸ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಮೈಕೆಲ್ ರೋಸನ್‌ಫೆಲ್ಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯಕ್ಕೆ ತಳಹದಿಯಂತಿದೆ. ಅಮೆರಿಕದಲ್ಲಿ 1995ರಲ್ಲಿ ಭೇಟಿಯಾದ ಗಂಡು-ಹೆಣ್ಣು ಜೋಡಿಗಳಲ್ಲಿ ಶೇಕಡ 33ರಷ್ಟು ಗೆಳೆಯರ ಮೂಲಕ ಪರಿಚಯವಾದವು. 2017ರ ಹೊತ್ತಿಗೆ ಆ ಪಾಲು ಶೇಕಡ 20ಕ್ಕೆ ಇಳಿದಿತ್ತು. ಅದೇ 2017ರಲ್ಲಿ ಸುಮಾರು ಶೇಕಡ 39ರಷ್ಟು ಜೋಡಿಗಳು ಅಂತರಜಾಲದಲ್ಲಿ ಭೇಟಿಯಾಗಿದ್ದವು. ಗೆಳೆಯರ ಮೂಲಕ ಆಗುವ ಪರಿಚಯವನ್ನು ಅಂತರಜಾಲವು ಹಿಂದಿಕ್ಕಿದ್ದು 2013ರ ಸುಮಾರಿಗೆ. ಎರಡು ದಶಕಗಳ ಒಳಗೆ ಮಧ್ಯವರ್ತಿಯೊಬ್ಬ ತನ್ನ ಸ್ಥಾನವನ್ನು ಯಂತ್ರಕ್ಕೆ ಬಿಟ್ಟುಕೊಟ್ಟನೆಂಬುದೇ ಈ ಅಂಕಿಗಳ ಅರ್ಥ.

ಆ ಮಧ್ಯವರ್ತಿ ಮಾಡುತ್ತಿದ್ದ ಕೆಲಸ ಕೇವಲ ಪರಿಚಯ ಮಾಡಿಸುವುದಷ್ಟೇ ಆಗಿರಲಿಲ್ಲ. ಆತ ಎರಡೂ ಕಡೆಯವರಿಗೆ ಜಾಮೀನಾಗಿದ್ದ. ಗೆಳೆಯನ ಗೆಳೆಯನೊಡನೆ ಕೆಟ್ಟದಾಗಿ ನಡೆದುಕೊಂಡರೆ ನಾಳೆ ಇಡೀ ಬಳಗದ ಮುಂದೆ ಮುಖ ತೋರಿಸಬೇಕಾಗುತ್ತದೆಂಬ ಅಳುಕು ನಡವಳಿಕೆಗೆ ಕಡಿವಾಣ ಹಾಕುತ್ತಿತ್ತು. ನಿರಾಕರಣೆಯನ್ನು ನೋವಾಗದಂತೆ ತಲುಪಿಸುವ ಹೊಣೆಯೂ ಆತನದೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡೆಂಬ ನಮ್ಮ ಗಾದೆ ಮಧ್ಯವರ್ತಿಯ ಪ್ರಾಮಾಣಿಕತೆಯನ್ನು ಹೊಗಳುವುದಿಲ್ಲ, ನಿಜ. ಆದರೆ ಹಾಗೆ ಸುಳ್ಳು ಹೇಳಿದವರು ಯಾರು, ಅವರ ಮನೆ ಎಲ್ಲಿದೆ ಎಂಬುದಾದರೂ ಎರಡೂ ಕಡೆಯವರಿಗೆ ಗೊತ್ತಿರುತ್ತಿತ್ತು. ಆ್ಯಪ್‌ನಲ್ಲಿ ಇಷ್ಟೂ ಇಲ್ಲ. ನಕಲಿ ಹೆಸರು, ಬೇರೆಯವರ ಚಿತ್ರ, ಅರ್ಧದಲ್ಲಿ ಮಾತು ನಿಲ್ಲಿಸಿ ಮಾಯವಾಗುವುದು ಮೊದಲಾದ ದೂರುಗಳೆಲ್ಲ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ. ಗುಂಪು ಸೌಲಭ್ಯಗಳೆಂದು ಕರೆಯಲಾಗುವ ಎಲ್ಲವೂ ಈ ಖಾಲಿ ಜಾಗವನ್ನು ತುಂಬುವ ಯತ್ನಗಳೇ.

ಫೇಸ್‌ಬುಕ್ಕಿನ ಹೆಗಲೇರಿ

ಮೊದಲ ಯತ್ನ ಪರಿಚಯದ ಜಾಲವನ್ನು ನೇರವಾಗಿ ಎರವಲು ತರುವುದಾಗಿತ್ತು. 2012ರಲ್ಲಿ ಆರಂಭವಾದ ಟಿಂಡರ್‌ಗೆ ಸೇರಬೇಕಾದರೆ ಫೇಸ್‌ಬುಕ್ ಖಾತೆ ಇರಲೇಬೇಕಿತ್ತು. ಪರದೆಯ ಮೇಲೆ ಒಬ್ಬರ ಚಿತ್ರ ಬಂದಾಗ, ಇಬ್ಬರಿಗೂ ಸಮಾನರಾದ ಗೆಳೆಯರು ಯಾರೆಂಬುದೂ ಕಾಣುತ್ತಿತ್ತು. ಅದೇ ವರ್ಷ ಆರಂಭವಾದ ಕಾಫಿ ಮೀಟ್ಸ್ ಬೇಗಲ್ ಮತ್ತು ಮರುವರ್ಷ ಜನರ ಕೈಗೆ ಬಂದ ಹಿಂಜ್ ಇನ್ನೂ ಮುಂದೆ ಹೋಗಿ ಗೆಳೆಯರ ಗೆಳೆಯರನ್ನು ಪರಿಚಯಿಸುವುದನ್ನೇ ತಮ್ಮ ವಿಶೇಷವನ್ನಾಗಿ ಮಾಡಿಕೊಂಡವು. ಇದರ ಹಿಂದಿನ ತರ್ಕ ಸಮಾಜಶಾಸ್ತ್ರದಲ್ಲಿ ಹಳೆಯದು. ಮಾರ್ಕ್ ಗ್ರಾನೊವೆಟರ್ ಎಂಬ ವಿದ್ವಾಂಸರು 1973ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಹೊಸ ಅವಕಾಶಗಳು ನಮಗೆ ಒದಗುವುದು ತೀರ ಹತ್ತಿರದವರಿಂದಲ್ಲ, ಅಷ್ಟಿಷ್ಟು ಪರಿಚಯವಿರುವವರಿಂದ ಎಂದು ವಾದಿಸಿದ್ದರು. ಹತ್ತಿರದವರು ನಮಗೆ ಗೊತ್ತಿರುವುದನ್ನೇ ಬಲ್ಲರು. ದೂರದ ಪರಿಚಿತರು ಬೇರೊಂದು ವಲಯಕ್ಕೆ ಸೇತುವೆಯಾಗುತ್ತಾರೆ. ಗೆಳೆಯರ ಗೆಳೆಯರೆಂದರೆ ಪೂರ್ತಿ ಅಪರಿಚಿತರೂ ಅಲ್ಲ, ಬೇಸರ ಬರುವಷ್ಟು ಪರಿಚಿತರೂ ಅಲ್ಲ.

ಇದೇ ಕಾಲದಲ್ಲಿ, 2011ರಲ್ಲಿ, ನ್ಯೂಯಾರ್ಕಿನಲ್ಲಿ ಗ್ರೂಪರ್ ಎಂಬ ಸೇವೆ ಹುಟ್ಟಿತು. ಒಬ್ಬರು ತಮ್ಮ ಇಬ್ಬರು ಗೆಳೆಯರೊಡನೆ ಬರಬೇಕು. ಎದುರು ಪಕ್ಷದಿಂದಲೂ ಮೂವರು ಬರುತ್ತಾರೆ. ಮೊದಲೇ ಹಣ ಕಟ್ಟಿ, ಯಾವ ಹೋಟೆಲೆಂದು ಕೊನೆಯಲ್ಲಿ ತಿಳಿದು, ಆರು ಜನ ಒಂದು ಮೇಜಿನ ಸುತ್ತ ಸೇರುವ ಏರ್ಪಾಡು. ಕಲ್ಪನೆ ಸೊಗಸಾಗಿತ್ತು. ಸಂಜೆ ಕೆಟ್ಟರೂ ಗೆಳೆಯರ ಸಂಗ ಇದ್ದೇ ಇರುತ್ತದೆ. ಆದರೆ ಕೊನೆಗೆ ಗ್ರೂಪರ್ ಮುಚ್ಚಿತು.

ಫೇಸ್‌ಬುಕ್ ಆಧಾರಿತ ಪದ್ಧತಿಗೂ ಆಯುಷ್ಯ ಹೆಚ್ಚಿರಲಿಲ್ಲ. ಹೊರಗಿನ ಆ್ಯಪ್‌ಗಳು ಬಳಕೆದಾರರ ಗೆಳೆಯರ ಮಾಹಿತಿಯನ್ನು ಪಡೆಯುವುದಕ್ಕೆ ಫೇಸ್‌ಬುಕ್ 2014ರಲ್ಲಿ ಹೊಸ ಕಟ್ಟುಪಾಡುಗಳನ್ನು ಘೋಷಿಸಿ, 2015ರ ಏಪ್ರಿಲ್ ಕೊನೆಗೆ ಹಳೆಯ ಬಾಗಿಲನ್ನು ಮುಚ್ಚಿತು. 2018ರ ಕೇಂಬ್ರಿಜ್ ಅನಲಿಟಿಕಾ ಹಗರಣದ ನಂತರ ಉಳಿದ ಬಿರುಕುಗಳನ್ನೂ ಬಿಗಿಗೊಳಿಸಲಾಯಿತು. ಹಿಂಜ್ 2016ರಲ್ಲಿ ತನ್ನ ರೂಪವನ್ನೇ ಬದಲಿಸಿಕೊಂಡು, ಪ್ರಶ್ನೋತ್ತರಗಳಿಂದ ಕೂಡಿದ ವಿವರವಾದ ಸ್ವಪರಿಚಯಕ್ಕೆ ಒತ್ತು ಕೊಟ್ಟಿತು. 2018ರಲ್ಲಿ ಫೇಸ್‌ಬುಕ್ ಖಾತೆಯ ಕಡ್ಡಾಯವನ್ನೂ ಕೈಬಿಟ್ಟಿತು. ಟಿಂಡರ್‌ನಲ್ಲಿಯೂ ಫೋನ್ ಸಂಖ್ಯೆಯೊಂದಿದ್ದರೆ ಸಾಕೆಂಬ ಸ್ಥಿತಿ ಬಂತು. ಗೆಳೆಯರ ಗೆಳೆಯರ ಕಾಲ ಅಲ್ಲಿಗೆ ಮುಗಿಯಿತು. ಪರರ ಜಮೀನಿನಲ್ಲಿ ಮನೆ ಕಟ್ಟಿದವರ ಪಾಡು ಇದು.

ಟಿಂಡರ್ ಸೋಷಿಯಲ್: ಒಂದು ಸೋಲಿನ ಪಾಠ

ಗುಂಪು ಸೌಲಭ್ಯಗಳ ಚರಿತ್ರೆಯಲ್ಲಿ ಹೆಚ್ಚು ಬೆಳಕು ಚೆಲ್ಲುವ ಪ್ರಕರಣ ಟಿಂಡರ್ ಸೋಷಿಯಲ್‌ನದು. 2016ರ ಏಪ್ರಿಲ್‌ನಲ್ಲಿ ಇದನ್ನು ಆಸ್ಟ್ರೇಲಿಯಾದಲ್ಲಿ ಪ್ರಾಯೋಗಿಕವಾಗಿ ತೆರೆಯಲಾಯಿತು. ಗೆಳೆಯರು ಸೇರಿ ಒಂದು ಗುಂಪು ಕಟ್ಟುವುದು, ಅದೇ ರಾತ್ರಿ ಹೊರಗೆ ಹೊರಟಿರುವ ಇನ್ನೊಂದು ಗುಂಪಿನೊಡನೆ ಜೊತೆಗೂಡುವುದು ಇದರ ಉದ್ದೇಶ. ಆದರೆ ಗುಂಪು ಕಟ್ಟಬೇಕಾದರೆ ಯಾರು ಯಾರು ಟಿಂಡರ್‌ನಲ್ಲಿದ್ದಾರೆಂದು ತಿಳಿಯಬೇಕಲ್ಲವೇ? ಹಾಗಾಗಿ ತಮ್ಮ ಫೇಸ್‌ಬುಕ್ ಗೆಳೆಯರಲ್ಲಿ ಯಾರೆಲ್ಲ ಟಿಂಡರ್ ಬಳಸುತ್ತಿದ್ದಾರೆ ಎಂಬ ಪಟ್ಟಿ ಬಳಕೆದಾರರ ಮುಂದೆ ಬಂದು ನಿಂತಿತು. ತಮ್ಮ ಹೆಸರನ್ನು ಹೀಗೆ ತೋರಿಸಬಹುದೇ ಎಂದು ಯಾರನ್ನೂ ಮೊದಲೇ ಕೇಳಿರಲಿಲ್ಲ. ಬೇಡವಾದವರು ತಾವೇ ಹೋಗಿ ಹೊರಬೀಳಬೇಕಿತ್ತು. ಸಹೋದ್ಯೋಗಿಗಳು, ಮಾಜಿ ಸಂಗಾತಿಗಳು, ಬಂಧುಗಳು ಎಲ್ಲರೂ ಆ ಪಟ್ಟಿಯಲ್ಲಿ ಒಬ್ಬರಿಗೊಬ್ಬರು ಕಂಡರು. ಗೆಳೆಯರ ಶಿಫಾರಸಿನಿಂದಲೇ ಹೆಚ್ಚಿನವರು ಈ ಆ್ಯಪ್‌ಗೆ ಬರುವುದರಿಂದ ಇದೇನೂ ಗುಟ್ಟಿನ ವಿಷಯವಲ್ಲ ಎಂಬುದು ಕಂಪನಿಯ ಸಮಜಾಯಿಷಿಯಾಗಿತ್ತು. ಈ ಉತ್ತರ ವಿಷಯದ ಮೂಲವನ್ನೇ ಮರೆತಿತ್ತು. ಒಬ್ಬ ಗೆಳತಿಗೆ ನಾನೇ ಹೇಳುವುದು ಬೇರೆ, ಮುನ್ನೂರು ಪರಿಚಿತರಿಗೆ ಯಂತ್ರ ಹೇಳುವುದು ಬೇರೆ.

ಟೀಕೆಯ ಬಳಿಕ ಕಂಪನಿ ತಿದ್ದಿಕೊಂಡಿತು. 2016ರ ಜುಲೈನಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಭಾರತದಲ್ಲಿ ಇದನ್ನು ಬಿಡುಗಡೆ ಮಾಡಿದಾಗ, ತಾವಾಗಿ ಒಪ್ಪಿದವರಿಗೆ ಮಾತ್ರ ಸೌಲಭ್ಯ ತೆರೆಯುವಂತಿತ್ತು. ಕಟ್ಟಿದ ಗುಂಪು ಮರುದಿನ ಮಧ್ಯಾಹ್ನಕ್ಕೆ ತಾನಾಗಿ ಕರಗುತ್ತಿತ್ತು. ಇಷ್ಟಾದರೂ ಅದು ನೆಲೆಯೂರಲಿಲ್ಲ. 2017ರಲ್ಲಿ ಸದ್ದಿಲ್ಲದೆ ಮರೆಯಾಯಿತು.

ಗೋಪ್ಯತೆಯ ದೋಷ ಸರಿಹೋದ ಮೇಲೂ ಸೋತದ್ದೇಕೆ? ಸರಳ ಲೆಕ್ಕವೊಂದು ಇಲ್ಲಿ ನೆರವಾಗುತ್ತದೆ. ಇಬ್ಬರು ಭೇಟಿಯಾಗಲು ಒಪ್ಪಬೇಕಾದುದು ಇಬ್ಬರೇ. ನಾಲ್ವರ ಗುಂಪೊಂದು ನಾಲ್ವರ ಇನ್ನೊಂದು ಗುಂಪನ್ನು ಸೇರಬೇಕಾದರೆ ಎಂಟು ಜನರ ಬಿಡುವು, ಎಂಟು ಜನರ ಹುಮ್ಮಸ್ಸು, ಎಂಟು ಜನರ ಜೇಬು ಒಂದೇ ರಾತ್ರಿಗೆ ಹೊಂದಬೇಕು. ಎರಡು ಗುಂಪುಗಳ ನಡುವೆ ಹದಿನಾರು ಜೋಡಿ ಸಾಧ್ಯತೆಗಳಿದ್ದರೂ, ಹಾಗೆ ಹೆಚ್ಚಿದ ಸಾಧ್ಯತೆಗಿಂತ ಹೊಂದಿಸುವ ತಲೆನೋವೇ ಮೇಲಾಗುತ್ತದೆ. ಎಂಟು ಜನರ ಹರಟೆಯಲ್ಲಿ ಮೊದಲ ಮಾತು ಆಡಬೇಕಾದವರು ಯಾರೆಂಬುದೂ ಅಸ್ಪಷ್ಟ. ಕನ್ನಡ ಕೂಟದ ಪ್ರವಾಸಕ್ಕೆ ದಿನಾಂಕ ಗೊತ್ತುಮಾಡಲು ಹೆಣಗಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂಬತ್ತು ವರ್ಷಗಳ ನಂತರ, 2025ರಲ್ಲಿ, ಅದೇ ಟಿಂಡರ್ ಡಬಲ್ ಡೇಟ್ ಎಂಬ ಸೌಲಭ್ಯವನ್ನು ತಂದಾಗ ಈ ಪಾಠ ಕಲಿತಿದ್ದು ಕಾಣುತ್ತದೆ. ಇಲ್ಲಿ ಗುಂಪು ಎಂದರೆ ಇಬ್ಬರು ಮಾತ್ರ. ಬಳಕೆದಾರರು ಮೂವರು ಗೆಳೆಯರವರೆಗೆ ಆಹ್ವಾನಿಸಿ, ಒಬ್ಬೊಬ್ಬರೊಡನೆ ಜೋಡಿಯಾಗಿ ಇನ್ನೊಂದು ಜೋಡಿಯನ್ನು ಹುಡುಕಬಹುದು. ಪ್ರತಿ ಜೋಡಿಯಲ್ಲಿ ಒಬ್ಬರು ಮೆಚ್ಚಿದರೂ ಸಾಕು, ನಾಲ್ವರ ಸಂಭಾಷಣೆ ತೆರೆದುಕೊಳ್ಳುತ್ತದೆ. ಆಹ್ವಾನ ಬಂದವರು ಒಪ್ಪಿದರಷ್ಟೇ ಅವರ ಹೆಸರು ಸೇರುತ್ತದೆ. ಇದನ್ನು ಬಳಸುವವರಲ್ಲಿ ಸುಮಾರು ಶೇಕಡ 90ರಷ್ಟು ಮಂದಿ 29ಕ್ಕಿಂತ ಕಡಿಮೆ ವಯಸ್ಸಿನವರೆಂದು ಕಂಪನಿ ಹೇಳಿಕೊಂಡಿದೆ. ಎಳೆಯರಿಗೆ ಒಬ್ಬರನ್ನೇ ಎದುರಿಸುವ ಅಳುಕು ಹೆಚ್ಚೆಂಬುದು ಇದಕ್ಕೆ ಕಾರಣವಿರಬಹುದು. ಮೂವತ್ತು ದಾಟಿದವರಿಗೆ ಒಂಟಿಯಾಗಿ ಉಳಿದ ಗೆಳೆಯರೇ ಕಡಿಮೆ ಎಂಬುದೂ ಅಷ್ಟೇ ಸಹಜವಾದ ಕಾರಣ.

ಆಯ್ಕೆಯಲ್ಲಿ ಪಾಲುಗಾರರು

ಜೊತೆಗೆ ಹೋಗುವುದು ಒಂದು ಬಗೆಯಾದರೆ, ಪರವಾಗಿ ಹುಡುಕುವುದು ಇನ್ನೊಂದು. 2019ರಲ್ಲಿ ಅಮೆರಿಕದಲ್ಲಿ ಬಂದ ಶಿಪ್ ಎಂಬ ಆ್ಯಪ್, ಒಂಟಿಯಾಗಿರುವವರ ಪರವಾಗಿ ಅವರ ಗೆಳೆಯರು ಹುಡುಕಿಕೊಡಲು ಅವಕಾಶ ನೀಡಿತು. 2023ರಲ್ಲಿ ಟಿಂಡರ್ ಮ್ಯಾಚ್‌ಮೇಕರ್ ಬಂತು. ಒಂದು ಕೊಂಡಿಯನ್ನು ಹದಿನೈದು ಜನರವರೆಗೆ ಕಳುಹಿಸಬಹುದು. ಟಿಂಡರ್ ಖಾತೆ ಇಲ್ಲದ ಗೆಳೆಯರೂ ಮನೆಯವರೂ ಇಪ್ಪತ್ನಾಲ್ಕು ಗಂಟೆಗಳ ಕಾಲ ಅಭ್ಯರ್ಥಿಗಳ ವಿವರ ನೋಡಿ ಇವರಾಗಬಹುದೆಂದು ಗುರುತು ಹಾಕಬಹುದು. ಅಂತಿಮ ನಿರ್ಧಾರ ಖಾತೆದಾರರದೇ. ಶಿಫಾರಸು ಮಾಡಿದವರಿಗೆ ಸಂದೇಶ ಕಳುಹಿಸುವ ಅಧಿಕಾರವಿಲ್ಲ.

ಇದನ್ನು ಹೊಸ ಆವಿಷ್ಕಾರವೆಂದು ಸಾರಿದಾಗ ಭಾರತೀಯರು ನಕ್ಕಿದ್ದರೆ ಆಶ್ಚರ್ಯವಿಲ್ಲ. ನಮ್ಮ ವಧೂವರಾನ್ವೇಷಣೆಯ ಜಾಲತಾಣಗಳಲ್ಲಿ ಖಾತೆ ತೆರೆಯುವಾಗ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ಈ ವಿವರ ಯಾರಿಗಾಗಿ ಎಂಬುದು: ನಿಮಗಾಗಿಯೇ, ಮಗನಿಗಾಗಿಯೇ, ಮಗಳಿಗಾಗಿಯೇ, ಸೋದರ ಸೋದರಿಗಾಗಿಯೇ, ಗೆಳೆಯರಿಗಾಗಿಯೇ? ಕನ್ನಡ ಮ್ಯಾಟ್ರಿಮೊನಿಯನ್ನೂ ಒಳಗೊಂಡ ಭಾರತ್ ಮ್ಯಾಟ್ರಿಮೊನಿಯ ಬೇರು ಕೂಡ ಹೊರನಾಡಿನಲ್ಲೇ ಇದೆ. ಮುರುಗವೇಲ್ ಜಾನಕಿರಾಮನ್ ಅವರು 1997ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದಾಗ ತಮಿಳು ಸಮುದಾಯಕ್ಕಾಗಿ ತೆರೆದ ಜಾಲತಾಣದಲ್ಲಿ ಮದುವೆಯ ವಿಭಾಗಕ್ಕೇ ಹೆಚ್ಚು ಜನ ಬರುತ್ತಿದ್ದುದು ಆ ಉದ್ಯಮಕ್ಕೆ ನಾಂದಿಯಾಯಿತು. ಮೂರನೆಯವರ ಪಾತ್ರ ಇಲ್ಲಿ ಆರಂಭದಿಂದಲೇ ಒಪ್ಪಿತವಾಗಿತ್ತು. ವ್ಯತ್ಯಾಸವಿರುವುದು ಕೀಲಿಕೈ ಯಾರ ಬಳಿ ಎಂಬುದರಲ್ಲಿ. ಮ್ಯಾಚ್‌ಮೇಕರ್‌ನಲ್ಲಿ ಗೆಳೆಯನು ಒಂದು ದಿನದ ಅತಿಥಿ; ವಧೂವರ ಜಾಲತಾಣದಲ್ಲಿ ಎಷ್ಟೋ ಸಲ ಪಾಸ್‌ವರ್ಡ್ ಇರುವುದೇ ತಂದೆಯ ಬಳಿ, ಮಗಳಿಗೆ ವಿಷಯ ತಿಳಿಯುವುದು ಜಾತಕ ಕೂಡಿಬಂದ ಮೇಲೆ.

ಇವೆರಡರ ನಡುವಿನ ದಾರಿಯೊಂದನ್ನು ಬ್ರಿಟನ್ನಿನಲ್ಲಿ ಹುಟ್ಟಿದ, ಮುಸ್ಲಿಮರಿಗಾಗಿರುವ ಮಝ್ ಎಂಬ ಆ್ಯಪ್ ಹಿಡಿದಿದೆ. ಮೊದಲು ಮಝ್‌ಮ್ಯಾಚ್ ಎಂದಿದ್ದ ಇದು, ಟಿಂಡರ್‌ನ ಮಾತೃಸಂಸ್ಥೆಯಾದ ಮ್ಯಾಚ್ ಗ್ರೂಪ್ ಹೂಡಿದ ದಾವೆಯಲ್ಲಿ 2022ರಲ್ಲಿ ಸೋತು ಹೆಸರು ಬದಲಿಸಿಕೊಂಡಿತು. ಇದರಲ್ಲಿ ಬಳಕೆದಾರರು ಬಯಸಿದರೆ ತಮ್ಮ ವಲಿಯನ್ನು, ಅಂದರೆ ಪೋಷಕರೊಬ್ಬರನ್ನು, ಸಂಭಾಷಣೆಗೆ ಸಾಕ್ಷಿಯಾಗಿ ಸೇರಿಸಿಕೊಳ್ಳಬಹುದು. ಮಾತುಕತೆಯ ಪ್ರತಿ ಅವರಿಗೂ ತಲುಪುತ್ತದೆ. ಇದು ಧಾರ್ಮಿಕ ಕಟ್ಟಳೆಯ ಪಾಲನೆಯೆಂದು ಕೆಲವರಿಗೆ, ಅಸಭ್ಯ ಸಂದೇಶಗಳನ್ನು ತಡೆಯುವ ಉಪಾಯವೆಂದು ಇನ್ನು ಕೆಲವರಿಗೆ ಉಪಯುಕ್ತ. ಮೂರನೆಯವರನ್ನು ಸೇರಿಸುವ ಅಧಿಕಾರ ಸಂಬಂಧಪಟ್ಟವರ ಕೈಯಲ್ಲೇ ಉಳಿದಿರುವುದು ಇದರ ಮುಖ್ಯ ಗುಣ.

ಜಪಾನಿನ ಅನುಭವ ಬೇರೆ. ಗಂಡುಗಳ ಒಂದು ಗುಂಪು ಹೆಣ್ಣುಗಳ ಒಂದು ಗುಂಪಿನೊಡನೆ ಊಟಕ್ಕೆ ಸೇರುವ ಗೋಕೋನ್ ಎಂಬ ಪದ್ಧತಿ ಅಲ್ಲಿ ಆ್ಯಪ್‌ಗಳಿಗಿಂತ ಹಳೆಯದು. 2012ರಲ್ಲಿ ಆರಂಭವಾದ ಪೇರ್ಸ್ ಎಂಬ ಆ್ಯಪ್ ಫೇಸ್‌ಬುಕ್ಕನ್ನು ಬಳಸಿದ್ದು ಟಿಂಡರ್‌ಗೆ ತದ್ವಿರುದ್ಧವಾಗಿ: ಫೇಸ್‌ಬುಕ್ ಗೆಳೆಯರು ಪರಸ್ಪರ ಕಾಣದಿರಲೆಂದು. ಗುಂಪಿನ ಭಾವನೆಯನ್ನು ಅದು ಆಸಕ್ತಿಗಳ ಬಳಗಗಳ ಮೂಲಕ ತಂದಿತು. ಬೆಕ್ಕು ಸಾಕುವವರು, ಬೆಟ್ಟ ಹತ್ತುವವರು ಮುಂತಾದ ಬಳಗಗಳಿಗೆ ಸೇರಿದವರು ಒಬ್ಬರನ್ನೊಬ್ಬರು ಸುಲಭವಾಗಿ ಕಂಡುಕೊಳ್ಳುತ್ತಾರೆ. ಪರಿಚಿತರನ್ನು ದೂರವಿಟ್ಟು ಸಮಾನಮನಸ್ಕರನ್ನು ಹತ್ತಿರ ತರುವ ಈ ವಿಂಗಡಣೆ, ಪಶ್ಚಿಮದ ಆ್ಯಪ್‌ಗಳ ಯೋಚನೆಗಿಂತ ಸೂಕ್ಷ್ಮವಾದುದೆಂದು ನಮ್ಮ ಅಭಿಪ್ರಾಯ.

ಚಿಕ್ಕ ಊರಿನಂಥ ಸಮುದಾಯಗಳು

ಹೊರನಾಡಿನ ಸಮುದಾಯಗಳು ಗುಂಪಾಗಿ ಜೊತೆ ಹುಡುಕುವುದರಲ್ಲಿ ಹಿಂದಿನಿಂದಲೂ ಮುಂದು. ಇಂದು ಎಲ್ಲೆಡೆ ಹಬ್ಬಿರುವ ಸ್ಪೀಡ್ ಡೇಟಿಂಗ್‌ನ ಮೂಲ 1990ರ ದಶಕದ ಕೊನೆಯ ಲಾಸ್ ಏಂಜಲೀಸ್. ಯಹೂದಿ ಯುವಜನರು ಮಹಾನಗರದಲ್ಲಿ ಒಬ್ಬರನ್ನೊಬ್ಬರು ಕಾಣುವಂತಾಗಲೆಂದು ಯಾಕೊವ್ ಡೆಯೊ ಎಂಬ ರಬ್ಬಿ ರೂಪಿಸಿದ ಏರ್ಪಾಡದು. ಸಿಂಗಪುರದಲ್ಲಿ ಸರ್ಕಾರವೇ 1984ರಲ್ಲಿ ಇಂಥ ಕೂಟಗಳಿಗಾಗಿ ಘಟಕವೊಂದನ್ನು ತೆರೆದಿತ್ತು. ನಮ್ಮಲ್ಲಿ ವಧೂವರರ ಸಮಾವೇಶಗಳಿವೆ. ದಕ್ಷಿಣ ಏಷ್ಯಾ ಮೂಲದ ಅನಿವಾಸಿಗಳಿಗೆಂದು 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದಿಲ್ ಮಿಲ್ ಹುಟ್ಟಿತು. ಬೆಂಗಳೂರಿನ ಐಲ್ ಸಂಸ್ಥೆಯು ಮಲಯಾಳಿಗಳಿಗೆ ಅರಿಕೆ, ತಮಿಳರಿಗೆ ಅನ್ಬೆ, ತೆಲುಗರಿಗೆ ನೀತೊ ಎಂಬ ಆ್ಯಪ್‌ಗಳ ಸಾಲಿನಲ್ಲೇ ಕನ್ನಡಿಗರಿಗಾಗಿ ನೀನೇ ಎಂಬುದನ್ನೂ ಹೊರತಂದಿತು.

ಭಾಷೆಯನ್ನು ಜರಡಿಯಾಗಿ ಹಿಡಿದಾಗ ಆಗುವ ಪರಿಣಾಮವನ್ನು ಇಲ್ಲಿ ಗಮನಿಸಬೇಕು. ವಿದೇಶದ ಮಧ್ಯಮ ಗಾತ್ರದ ನಗರವೊಂದರಲ್ಲಿ ಕನ್ನಡ ಬಲ್ಲ, ಮದುವೆಯಾಗದ, ಸರಿಸುಮಾರು ಒಂದೇ ವಯಸ್ಸಿನವರ ಸಂಖ್ಯೆ ತೀರ ಚಿಕ್ಕದು. ಅವರಲ್ಲಿ ಹೆಚ್ಚಿನವರಿಗೆ ಸಮಾನ ಪರಿಚಿತರು ಇದ್ದೇ ಇರುತ್ತಾರೆ. ಯುಗಾದಿಯ ಊಟದ ಸಾಲಿನಲ್ಲಿ ಅವರೆಲ್ಲ ಅಕ್ಕಪಕ್ಕ ನಿಂತಿರುತ್ತಾರೆ. ಹೀಗಾಗಿ ಸಮಾನ ಗೆಳೆಯರನ್ನು ತೋರಿಸುವ ಸೌಲಭ್ಯ ನಂಬಿಕೆಗೂ ಆಧಾರ, ಸುದ್ದಿ ಹರಡಲೂ ದಾರಿ. ಮೂರು ಭೇಟಿಗಳ ನಂತರ ಬೇಡವೆಂದು ಹೇಳಿದ ಹೆಣ್ಣುಮಗಳೊಬ್ಬಳ ವಿಷಯ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಇರುವ ತಾಯಿಯನ್ನು ಅವಳಿಗಿಂತ ಮೊದಲು ತಲುಪುವುದು ಅಸಾಧ್ಯವೇನಲ್ಲ. ಗಂಡಸಿನ ಬಗೆಗೆ ಅದೇ ಸುದ್ದಿ ಹೊರಟರೆ ಅದಕ್ಕೆ ಅಷ್ಟು ತೂಕವಿರುವುದಿಲ್ಲವೆಂಬುದನ್ನೂ ಸೇರಿಸಿ ಹೇಳಬೇಕು.

ಸಲಿಂಗಾಸಕ್ತರ ಪಾಲಿಗೆ ಇದು ಮುಜುಗರದ ಪ್ರಶ್ನೆಯಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆ. ಭಾರತದ ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರತೆಗೆಯಿತು. ಆದರೆ ಕನ್ನಡಿಗರು ಹೆಚ್ಚಿನ ಸಂಖ್ಯೆಯಲ್ಲಿರುವ ಕೊಲ್ಲಿಯ ಹಲವು ದೇಶಗಳಲ್ಲಿ ಅದು ಇಂದಿಗೂ ಅಪರಾಧ. ಅಂಥ ದೇಶಕ್ಕೆ ಕಾಲಿಟ್ಟ ಬಳಕೆದಾರರಿಗೆ ಎಚ್ಚರಿಕೆ ನೀಡಿ, ಅವರ ವಿವರವನ್ನು ಮರೆಮಾಡುವ ವ್ಯವಸ್ಥೆಯನ್ನು ಟಿಂಡರ್ 2019ರಲ್ಲಿ ತಂದಿತು. ಗುಂಪು ಸೇರುವ ಮುನ್ನ ತನ್ನ ಹೆಸರು ಯಾರ ಯಾರ ಪರದೆಯ ಮೇಲೆ ಮೂಡುತ್ತದೆಂದು ತಿಳಿಯುವುದು ಇಂಥವರಿಗೆ ಅತ್ಯಗತ್ಯ.

ಪರಿಚಿತರಿಂದ ಮರೆಯಾಗಲು 2021ರಲ್ಲಿ ಬಂದ ಸಂಪರ್ಕ ತಡೆಯ ಸೌಲಭ್ಯದಲ್ಲಿ ಒಂದು ವಿಪರ್ಯಾಸವಿದೆ. ಆಯ್ದ ಫೋನ್ ಸಂಖ್ಯೆಗಳ ಮಾಲೀಕರು ತಮ್ಮನ್ನು ಟಿಂಡರ್‌ನಲ್ಲಿ ಕಾಣದಂತೆ ಮಾಡಬಹುದು, ಸರಿ. ಆದರೆ ಅದಕ್ಕಾಗಿ ಆ ಸಂಖ್ಯೆಗಳನ್ನು ಆ್ಯಪ್‌ಗೆ ಒಪ್ಪಿಸಬೇಕು. ಚಿಕ್ಕಪ್ಪನಿಂದ ಅಡಗಲು ಚಿಕ್ಕಪ್ಪನ ಸಂಖ್ಯೆಯನ್ನೇ ಕೊಡಬೇಕು. ಇಡೀ ಪಟ್ಟಿಯನ್ನು ಕೊಡದೆ ಒಂದೊಂದೇ ಸಂಖ್ಯೆಯನ್ನು ಕೈಯಾರೆ ಸೇರಿಸುವುದು ಲೇಸು.

ಎಚ್ಚರಿಸುವ ಗುಂಪುಗಳು

ಆ್ಯಪ್‌ಗಳು ಕೊಡದ ರಕ್ಷಣೆಯನ್ನು ಬಳಕೆದಾರರು, ಅದರಲ್ಲೂ ಮಹಿಳೆಯರು, ತಾವೇ ಗುಂಪು ಕಟ್ಟಿ ಪಡೆಯಲು ಯತ್ನಿಸಿದ್ದಾರೆ. ಮಹಿಳೆಯರು ತಮ್ಮ ಫೇಸ್‌ಬುಕ್ ಬಳಗದ ಗಂಡಸರಿಗೆ ಅಂಕ ಕೊಡುವ ಲುಲು ಎಂಬ ಆ್ಯಪ್ 2013ರಲ್ಲೇ ಗದ್ದಲ ಎಬ್ಬಿಸಿತ್ತು. 2022ರಲ್ಲಿ ನ್ಯೂಯಾರ್ಕಿನಿಂದ ಹರಡಿದ ಫೇಸ್‌ಬುಕ್ ಗುಂಪುಗಳಲ್ಲಿ, ನಾವಿಬ್ಬರೂ ಒಬ್ಬನನ್ನೇ ಭೇಟಿಯಾಗುತ್ತಿದ್ದೇವೆಯೇ ಎಂದು ಮಹಿಳೆಯರು ಪರಸ್ಪರ ಕೇಳಿಕೊಳ್ಳತೊಡಗಿದರು. ವಂಚಕರನ್ನೂ ಹಿಂಸಾಚಾರಿಗಳನ್ನೂ ಬಯಲಿಗೆಳೆದ ಉದಾಹರಣೆಗಳಿರುವಂತೆಯೇ, ಉತ್ತರ ಕೊಡಲು ಅವಕಾಶವಿಲ್ಲದವರ ಮೇಲೆ ಆರೋಪ ಹೊರಿಸಿದ್ದಕ್ಕಾಗಿ ಮಾನನಷ್ಟದ ದಾವೆಗಳೂ ನಡೆದಿವೆ. ಇದೇ ಕಲ್ಪನೆಯ ಟೀ ಎಂಬ ಆ್ಯಪ್ 2025ರ ಜುಲೈನಲ್ಲಿ ಅಮೆರಿಕದಲ್ಲಿ ಜನಪ್ರಿಯತೆಯ ತುದಿಗೇರಿದ ವಾರದಲ್ಲೇ ಅದರ ಸುಮಾರು 72,000 ಚಿತ್ರಗಳು ಸೋರಿಹೋದವು. ಅವುಗಳಲ್ಲಿ ಸುಮಾರು 13,000, ತಾನು ಹೆಣ್ಣೆಂದು ರುಜುವಾತುಪಡಿಸಲು ಬಳಕೆದಾರರು ಕೊಟ್ಟಿದ್ದ ಮುಖಚಿತ್ರಗಳು ಮತ್ತು ಗುರುತಿನ ಚೀಟಿಗಳು. ಖಾಸಗಿ ಸಂದೇಶಗಳೂ ಬಯಲಾದುದು ಬಳಿಕ ತಿಳಿಯಿತು. ರಕ್ಷಣೆಗೆಂದು ಸೇರಿದವರೇ ಅಪಾಯಕ್ಕೆ ಸಿಕ್ಕಿದರು.

ಅದಕ್ಕೆ ಹೋಲಿಸಿದರೆ ಚಿಕ್ಕ ಗುಂಪಿನ ಉಪಾಯಗಳು ಮೇಲು. ಭೇಟಿಯ ಸ್ಥಳ, ಸಮಯ ಮತ್ತು ಎದುರಿನವರ ಚಿತ್ರವನ್ನು ನಂಬಿಕಸ್ಥರಿಗೆ ಕಳುಹಿಸುವ ಸೌಲಭ್ಯವನ್ನು ಟಿಂಡರ್ 2024ರಲ್ಲಿ ಸೇರಿಸಿತು. ಆಸ್ಟ್ರೇಲಿಯಾದಲ್ಲಿ ಡೇಟಿಂಗ್ ಉದ್ಯಮದ ಸ್ವಯಂಪ್ರೇರಿತ ನೀತಿಸಂಹಿತೆ 2024ರ ಅಕ್ಟೋಬರ್‌ನಿಂದ ಆರಂಭವಾಯಿತು. ಪ್ರೇಮದ ಹೆಸರಿನಲ್ಲಿ ಹಣ ಸುಲಿಯುವ ಜಾಲಗಳ ವಿಷಯದಲ್ಲಿ ಮೂರನೆಯವರ ಬೆಲೆ ಇನ್ನೂ ಸ್ಪಷ್ಟ. ಅಂಥ ವಂಚಕರು ಮೊದಲು ಮಾಡುವ ಕೆಲಸವೇ ಸಂಭಾಷಣೆಯನ್ನು ಆ್ಯಪ್‌ನಿಂದ ಹೊರಗೆ ಒಯ್ದು, ಇದನ್ನು ಯಾರಿಗೂ ಹೇಳಬೇಡವೆಂದು ಮಾತು ತೆಗೆದುಕೊಳ್ಳುವುದು. ಪರದೇಶದಲ್ಲಿ ಒಂಟಿಯಾಗಿ ದುಡಿಯುವವರು ಈ ಬಲೆಗೆ ಸುಲಭದ ಬೇಟೆ. ಹೂಡಿಕೆಯ ಮಾತು ಬಂದ ಗಳಿಗೆಯಲ್ಲಿ ಆ ಸಂದೇಶಗಳನ್ನು ಒಬ್ಬ ಗೆಳೆಯನಿಗೆ ತೋರಿಸಿದ್ದರೆ ಎಷ್ಟೋ ಪ್ರಕರಣಗಳು ಅಲ್ಲೇ ನಿಲ್ಲುತ್ತಿದ್ದವು.

ಇತ್ತೀಚಿನ ಒಲವು ಜೋಡಿಯ ಹುಡುಕಾಟವನ್ನು ಬದಿಗಿಟ್ಟು ಗೆಳೆತನದ ಕಡೆ ಹೊರಳುವುದು. ಬಂಬಲ್ 2016ರಲ್ಲಿ ಸ್ನೇಹಿತರ ಹುಡುಕಾಟಕ್ಕೆ ತೆರೆದ ವಿಭಾಗವು 2023ರಲ್ಲಿ ಪ್ರತ್ಯೇಕ ಆ್ಯಪ್ ಆಯಿತು. ಮರುವರ್ಷ ಗುಂಪು ಸಂಭಾಷಣೆಯ ಜಿನೀವಾ ಎಂಬ ಆ್ಯಪನ್ನು ಕಂಪನಿ ಕೊಂಡುಕೊಂಡಿತು. ಲಿಸ್ಬನ್‌ನಲ್ಲಿ ಆರಂಭವಾದ ಟೈಮ್‌ಲೆಫ್ಟ್, ಬುಧವಾರದ ರಾತ್ರಿ ಆರು ಅಪರಿಚಿತರನ್ನು ಒಂದು ಊಟದ ಮೇಜಿಗೆ ಸೇರಿಸುತ್ತದೆ. ಗ್ರೂಪರ್ ಮೂವರು ಗೆಳೆಯರ ಎರಡು ತಂಡಗಳನ್ನು ಕೂರಿಸುತ್ತಿದ್ದ ಮೇಜಿಗೂ ಆರೇ ಕುರ್ಚಿಗಳಿದ್ದವು. ಈಗ ಪ್ರತಿ ಕುರ್ಚಿಗೂ ಜನ ಒಬ್ಬೊಬ್ಬರಾಗಿಯೇ ಬರುತ್ತಾರೆ.